ಹೆಗಲ ಮೇಲಿನ ಸೆರಗು

ಸಿರುಗುಪ್ಪದಲ್ಲಿ ನಮ್ಮದು ಸೀರೆ ಅಂಗಡಿ. ಮಾಲು ಬಳ್ಳಾರಿಯಿಂದ ಬರುತ್ತಿತ್ತು. ಮದುವೆ ಕಾಲ ಬಂತೆಂದರೆ ಸಿರಿಗೇರಿ, ಕುರುಗೋಡು ಕಡೆಯ ಬಸ್ಸಿಳಿದವರು ಮನೆಮಂದಿಯೆಲ್ಲ ಬಂದು ಗಾದಿಯ ಮೇಲೆ ಕೂಡುವರು. ನಮ್ಮ ಯಜಮಾನರು ಒಂದೊಂದೇ ಸೀರೆ ಬಿಚ್ಚಿ, ಸೆರಗನ್ನು ತಮ್ಮ ಹೆಗಲ ಮೇಲೇ ಹೊದ್ದು ತೋರಿಸುವರು. ಆ ದಪ್ಪ ಮೀಸೆ, ಆ ಜರಿ ಸೆರಗು ನೋಡಿ ಹೆಂಗಸರು ಬಿದ್ದು ಬಿದ್ದು ನಗುವರು. ನಕ್ಕು, ಅದನ್ನೇ ಕೊಳ್ಳುವರು.

ಈಗ ಎಲ್ಲರೂ ಫೋನಿನಲ್ಲೇ ತರಿಸುತ್ತಾರೆ. ಒಂದು ದಿನ ಪಾರ್ಸೆಲ್ ತರುವಾತ ಬಂದು, ಹಿಂದಿನ ಓಣಿಯ ಮನೆಗೆ ಬೀಗ ಹಾಕಿದೆ, ಇಲ್ಲಿಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಇಲ್ಲ ಅನ್ನುವುದು ಇವರಿಗೆ ಹುಟ್ಟಿನಿಂದಲೇ ಬಂದಿಲ್ಲ. ಆಮೇಲೆ ಓಣಿಯವರೆಲ್ಲ ನಮ್ಮ ಅಂಗಡಿಯನ್ನೇ ತೋರಿಸತೊಡಗಿದರು. ಸೀರೆ ಇರಬೇಕಾದ ಕಪಾಟಿನಲ್ಲಿ ಪಾರ್ಸೆಲ್ಲು ತುಂಬಿದವು.

“ನಮ್ಮ ಹೊಟ್ಟಿ ಮ್ಯಾಲೆ ಹೊಡಿಯೋ ಮಾಲಿಗೆ ನೀವ ಕಾವಲು ಕೂಡ್ರಿ!” ಎಂದು ಹರಿಹಾಯ್ದೆ.

“ಪಾರ್ಸೆಲ್ ನೆವದಾಗರ ಮೆಟ್ಲ ಹತ್ತತಾರ. ಹತ್ತಿದವ್ರು ಒಂದ್ ಸೀರಿ ನೋಡತಾರ ಬಿಡು,” ಎಂದರು. ಅವರಿಗಿದ್ದ ಆಸೆ ಅದೊಂದೇ.

ಹಿಂದಿನ ಓಣಿಯ ಆ ಮನೆಯಾಕೆ ತನ್ನ ಮದುವೆಯ ಸೀರೆಯನ್ನು ನಮ್ಮಲ್ಲೇ ಕೊಂಡವಳು. ಈಗ ಮಗಳ ನಿಶ್ಚಿತಾರ್ಥಕ್ಕೆ ತರಿಸಿದ ಪಾರ್ಸೆಲ್ಲನ್ನು ನಮ್ಮ ಗಾದಿಯ ಮೇಲೇ ಒಡೆದಳು. “ಅಣ್ಣಾರ, ಸ್ವಲ್ಪ ನೋಡಿ ಹೇಳ್ರಿ, ಸೀರಿ ಚಲೋ ಐತೇನು?”

ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ಉಜ್ಜಿ, ರೂಢಿಯಂತೆ ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡರು. “ಚಲೋ ಐತವ್ವಾ. ಮಗಳಿಗೆ ಒಪ್ಪತೈತಿ.” ಮಡಿಚಿ, ನಮ್ಮ ಅಂಗಡಿಯ ಚೀಲದಲ್ಲೇ ಹಾಕಿ ಕೊಟ್ಟರು.

ಆಕೆ ಹೋದ ಮೇಲೆ ನಾನು ಬಿಡಲಿಲ್ಲ. “ಬಣ್ಣ ಹೋಗತೈತಿ ಅಂತ ಒಂದ್ ಮಾತು ಅಂದಿದ್ರ ನಿಮ್ಮ ಗಂಟೇನು ಹೋಗತಿತ್ತು?”

“ಸೀರಿ ಚಲೋ ಇತ್ತು ಲೇ. ಇಲ್ಲಂತ ಹೆಂಗ ಹೇಳಲಿ?” ಎಂದರು. ದನಿ ಸಣ್ಣದಾಗಿತ್ತು.

ಈ ಬೇಸಿಗೆಯಲ್ಲಿ ಅಂಗಡಿ ಬಿಟ್ಟೆವು. ಉಳಿದ ಮಾಲನ್ನು ಬಳ್ಳಾರಿಗೆ ವಾಪಸು ಕಳಿಸಿ ಗಾದಿ ಸುತ್ತುತ್ತಿದ್ದಾಗ ಆಕೆ ಬಂದಳು. ಖಾಲಿ ಕಪಾಟು ನೋಡಿ ಬಾಗಿಲಲ್ಲೇ ನಿಂತಳು. ಏನಾದರೂ ಅಂದಾಳು ಎಂದು ಇವರು ಅವಳ ಮುಖವನ್ನೇ ನೋಡುತ್ತಿದ್ದರು.

“ಅಯ್ಯ ಶಿವನ! ಹಂಗಾದ್ರ ಇನ್ನ ನಮ್ಮ ಪಾರ್ಸೆಲ್ ಯಾರ ಹತ್ರ ಇಡಸೋದ್ರಿ ಅಣ್ಣಾರ?”

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, “ಚಿಂತಿ ಮಾಡಬ್ಯಾಡವ್ವಾ, ಓಣಿ ಮೂಲ್ಯಾಗಿನ ಮೆಡಿಕಲ್ ಶಾಪಿನವ್ರಿಗೆ ನಾನ ಹೇಳಿ ಬರತೀನಿ,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಅರ್ಧ ಸುತ್ತಿದ ಗಾದಿಯ ಮೇಲೆ ಕೂತು ಅತ್ತುಬಿಟ್ಟೆ.