ನಮ್ಮ ತಂಡದ ಬ್ಯಾಕ್ ಆಟಗಾರ

ತಾಪಿ ನದಿ ಸೂರತ್ತಿನೊಳಗೆ ನುಗ್ಗುವುದಕ್ಕೆ ಹಿಂದಿನ ಭಾನುವಾರ, ವಡೋದರಾದ ಈಜುಕೊಳದ ದಂಡೆಯಲ್ಲಿ ಧಾರವಾಡದ ನನ್ನ ಗೆಳೆಯ ಏಳು ಶೇಂಗಾ ಜೋಡಿಸಿ ನಮ್ಮ ವಾಟರ್ ಪೋಲೋ ತಂಡಕ್ಕೆ ಜಾಗ ಹಂಚಿದ: ಮೂವರು ಮುಂದೆ, ಒಬ್ಬ ನಡುವೆ, ಇಬ್ಬರು ಹಿಂದೆ, ಗೋಲಿನಲ್ಲಿ ನಾನು. ಹಿಂದಿನ ಒಂದು ಜಾಗ ಯಾವಾಗಲೂ ಅವನದು; ಗೋಡೆಯಂತೆ ನಿಲ್ಲುತ್ತಿದ್ದ.

“ಗೋಲ್ ಹೊಡೀಲಿಕ್ಕೆ ಎಲ್ಲಾರೂ ಓಡ್ತೀರಿ. ಹಿಂದ ಯಾರಪಾ ಇರ್ತಾರ?” ಎಂದು ಎಂದಿನಂತೆ ಗದರಿದ.

“ನೀ ಇದ್ದೀಯಲ್ಲೋ, ಧಾರವಾಡದ ಗ್ವಾಡಿ!” ಎಂದು ನಾನು ಅವನ ಶೇಂಗಾವನ್ನೇ ಸುಲಿದು ತಿಂದೆ. ಅವನೂ ನಕ್ಕ.

ಆ ವಾರ ಈಜು ಬಲ್ಲವರೆಂದು ನಮ್ಮನ್ನು ನೆರೆಯಲ್ಲಿ ಸಿಕ್ಕವರನ್ನು ಉಳಿಸಲು ಸೂರತ್ತಿಗೆ ಕರೆದೊಯ್ದರು. ನೀರು ತುಂಬಿದ ಬೀದಿಯಲ್ಲಿ ಸಾಲಾಗಿ ನಿಂತೆವು. ಸಾಲಿನ ಹೊಳೆಯತ್ತಲ ತುದಿಯಲ್ಲಿ ಅವನಿದ್ದ. ಅವನ ಸೊಂಟದ ಹಗ್ಗ ನನ್ನ ಕೈಯಲ್ಲಿತ್ತು. ತೇಲಿಬಂದ ಮುದುಕಿಯೊಬ್ಬಳನ್ನು ಅವನು ನನ್ನತ್ತ ತಳ್ಳಿದ. ಎರಡೂ ಕೈಗಳಿಂದ ಅವಳನ್ನು ಹಿಡಿಯಲು ನಾನು ಹಗ್ಗ ಬಿಟ್ಟೆ.

ಮುದುಕಿ ಉಳಿದಳು. ಅವನ ದೇಹ ಇಂದಿಗೂ ಸಿಕ್ಕಿಲ್ಲ.