ನೇಮಣ್ಣ ಡಾಕ್ಟರು ಹುಕ್ಕೇರಿಗೆ ಹೋದ ದಿನ

ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ದವಾಖಾನೆ ಇಟ್ಟಿದ್ದ ನೇಮಣ್ಣ ಡಾಕ್ಟರು, ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ರೋಗಿಯ ಮುಖ ನೋಡಿಯೇ ಹೇಳುತ್ತಿದ್ದರು. “ಇದು ಏನಂತ ನನಗ ತಿಳೀವಲ್ದು. ನಾಳೆ ಮುಂಜಾನಿ ಬರ್ರಿ, ಅಷ್ಟರಾಗ ಓದಿರತೇನಿ” ಅನ್ನುವರು. ಹಾಗೆ ಕೇಳಿದ ಕೆಲವರು ಎದ್ದು ನೆಟ್ಟಗೆ ಬೇರೆ ದವಾಖಾನೆಗೆ ನಡೆಯುತ್ತಿದ್ದರು. ನಮ್ಮ ಅತ್ತೆಯವರಿಗೂ ಅದೇ ತಕರಾರು. ಗೊತ್ತಿಲ್ಲ ಅನ್ನುವ ಡಾಕ್ಟರ ಹತ್ತಿರ ಹೋಗುವುದಕ್ಕಿಂತ ಮನೆಯಲ್ಲೇ ಇರುವುದು ಲೇಸು ಎಂದು ಅವರ ವಾದ.

ಗಿಡ್ಡ ಆಳು, ತೆಳು ಮೈ. ಅರ್ಧ ತೋಳಿನ ಬಿಳಿ ಅಂಗಿ, ಅದರ ಜೇಬಿನಲ್ಲಿ ಶಾಯಿ ಸೋರುವ ಪೆನ್ನು. ಜೈನರ ಮನೆತನ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಹಾಗಾಗಿ ಸಂಜೆ ಅರ್ಧ ತಾಸು ದವಾಖಾನೆಯ ಕುರ್ಚಿ ಖಾಲಿ ಇರುವುದು ಊರಿಗೆಲ್ಲ ಗೊತ್ತು. ನಮ್ಮೊಡನೆ ಕನ್ನಡ ಮಾತಾಡಿದರೂ ನಾಡಿ ಎಣಿಸುವುದು ಮಾತ್ರ ಮರಾಠಿಯಲ್ಲಿ, ತುಟಿಯೊಳಗೇ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು.

ನಾನಾಗ ಅರಭಾವಿಯಲ್ಲಿ ಶಾಲಾ ಶಿಕ್ಷಕಿ. ಮನೆ ತುಕ್ಕಾನಟ್ಟಿಯಲ್ಲಿ. ತೊಂಬತ್ತೇಳರ ಫೆಬ್ರುವರಿಯಲ್ಲಿ, ಮೂರು ವರ್ಷದ ನನ್ನ ಮಗಳು ವಿದ್ಯಾಳಿಗೆ ಜ್ವರ ಹತ್ತಿತು. ಐದು ದಿನ ಬೇರೊಬ್ಬರ ಹತ್ತಿರ ಇಂಜೆಕ್ಷನ್ ಕೊಡಿಸಿದೆವು. ಇಳಿಯಲಿಲ್ಲ. ಕಣ್ಣು ಕೆಂಡದಂತಾದವು, ಆದರೆ ಪಿಸುರು ಕಟ್ಟಿರಲಿಲ್ಲ. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಕೆಂಪು ನಾಲಗೆಯ ಮೇಲೆ ಚುಕ್ಕಿ ಚುಕ್ಕಿ ಎದ್ದಿತ್ತು, ಮೈಮೇಲೆ ದದ್ದು. ಅಮ್ಮ ಬಂದಿದ್ದಾಳೆ ಎಂದು ಅತ್ತೆಯವರು ಹಾಸಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟರು. ಆರನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಘಟಪ್ರಭಾಕ್ಕೆ ಹೊರಟೆ. ಅತ್ತೆಯವರು ಗೊಣಗುತ್ತ, ಕೈಯಲ್ಲಿ ಬೇವು ಹಿಡಿದೇ ಹಿಂದೆ ಬಂದರು.

ನೇಮಣ್ಣ ಡಾಕ್ಟರು ಬೇವನ್ನು ಬಿಸಾಡಿಸಲಿಲ್ಲ. ಅದು ಅಲ್ಲೇ ಇರಲಿ ಎಂದರು. ನಾಲಗೆ ನೋಡಿದರು, ಕತ್ತಿನ ಗಂಟು ಮುಟ್ಟಿದರು, ಊದಿದ ಅಂಗೈಯನ್ನು ಮೆಲ್ಲಗೆ ಒತ್ತಿದರು. ವಿದ್ಯಾ ಚೀರಿದಳು. ಅವರು ಕಪಾಟಿನಿಂದ ಹಳೆಯ ನೋಟ್‌ಬುಕ್ ತೆಗೆದು ಒಂದು ಪುಟವನ್ನು ನಿಂತೇ ಓದಿದರು. ಅವರ ಮುಖದ ಬಣ್ಣ ಇಳಿದಿತ್ತು.

“ಅಕ್ಕೋರ, ಇದು ನನಗ ಗೊತ್ತೈತಿ” ಎಂದರು. “ಹೆಂಗ ಗೊತ್ತಾತು ಅನ್ನೋದನ್ನ ಆಮ್ಯಾಲೆ ಹೇಳತೇನಿ. ಈಗ ಬೆಳಗಾವಿಗೆ ನಡೀರಿ. ನಾನೂ ಬರತೇನಿ.”

ಹೊರಗೆ ಕಾಯುತ್ತಿದ್ದವರಿಗೆ ಕೈಮುಗಿದು ದವಾಖಾನೆ ಮುಚ್ಚಿದರು. ಬಸ್ಸಿನಲ್ಲಿ ವಿದ್ಯಾಳನ್ನು ತಮ್ಮ ತೊಡೆಯ ಮೇಲೇ ಮಲಗಿಸಿಕೊಂಡು ದಾರಿಯುದ್ದಕ್ಕೂ ಬಿಡಿಸಿ ಹೇಳಿದರು. ರೋಗದ ಹೆಸರು ಕಾವಾಸಾಕಿ. ಚಿಕ್ಕ ಮಕ್ಕಳ ರಕ್ತನಾಳಗಳು ಉರಿಯೂತಕ್ಕೆ ಬೀಳುವ ರೋಗ. ಜ್ವರ ತಾನಾಗಿಯೇ ಇಳಿದರೂ ಇಳಿದೀತು, ಆದರೆ ಹೃದಯಕ್ಕೇ ರಕ್ತ ಉಣಿಸುವ ಸಣ್ಣ ನಾಳಗಳು ಉಬ್ಬಿಬಿಟ್ಟರೆ ಗಂಡಾಂತರ. ಜ್ವರ ಬಂದ ಹತ್ತು ದಿನದೊಳಗೆ ಔಷಧ ಬೀಳಬೇಕು. ಬೆಳಗಾವಿಗೆ ಓಡಿಬಂದ ನನ್ನ ಗಂಡ ಹೆಸರು ಕೇಳಿ, ಅದು ಮೋಟರ್‌ಸೈಕಲ್ ಹೆಸರಲ್ಲವೇ ಎಂದು ಕಕ್ಕಾಬಿಕ್ಕಿಯಾದರು. ಅಷ್ಟು ಆತಂಕದಲ್ಲೂ ಡಾಕ್ಟರು ನಕ್ಕರು.

ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಹೃದಯದ ಒಂದು ನಾಳ ಸ್ವಲ್ಪ ಉಬ್ಬಿರುವುದು ಕಂಡಿತು. ಸಾವಿರಾರು ಮಂದಿ ಕೊಟ್ಟ ರಕ್ತದಿಂದ ತೆಗೆದ ಔಷಧವನ್ನು ಮಗುವಿಗೆ ಹನಿಹನಿಯಾಗಿ ಏರಿಸಿದರು. ಮರುದಿನ ಮುಂಜಾನೆ ಜ್ವರ ಬಿಟ್ಟಿತು. ವಿದ್ಯಾ ಚುರುಮುರಿ ಕೇಳಿದಳು. ಮುಂದಿನ ವಾರ ಬೆರಳ ತುದಿಯ ಚರ್ಮ ಸುಲಿಯುತ್ತದೆ, ಅಂಜಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸುಲಿಯಿತು, ನಾನು ಅಂಜಲಿಲ್ಲ. ವರ್ಷದ ಹೊತ್ತಿಗೆ ಆ ನಾಳವೂ ತನ್ನ ಅಳತೆಗೆ ಮರಳಿತು.

ಆ ಸುದ್ದಿ ಹೇಳಲು ಹೋದ ದಿನ ಅವರು ಹಳೆಯ ನೋಟ್‌ಬುಕ್ಕಿನ ಕಥೆ ತೆಗೆದರು. ಏಳು ವರ್ಷದ ಹಿಂದೆ ಹುಕ್ಕೇರಿಯ ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮ ನಾಲ್ಕು ವರ್ಷದ ಹುಡುಗನನ್ನು ತಂದಿದ್ದರು. ಇವೇ ಕಣ್ಣು, ಇವೇ ತುಟಿ. ನಮ್ಮ ಡಾಕ್ಟರು ದಡಾರ ಎಂದರು. ಜ್ವರ ಇಳಿಯಿತು, ಹುಡುಗ ಆಡಲು ಹತ್ತಿದ. ಮೂರು ವಾರಕ್ಕೆ, ಅಂಗಳದಲ್ಲಿ ಆಡುತ್ತಿದ್ದವನು ಹಾಗೇ ಕುಸಿದು ತೀರಿಕೊಂಡ. ತಿಳಿಯದೆ ಹೋದದ್ದನ್ನೆಲ್ಲ ಇವರು ಬರೆದಿಟ್ಟರು. ಎರಡು ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಅದರ ಉತ್ತರ ಸಿಕ್ಕಿತು. ಆದರೆ ಆ ಮನೆಗೆ ಹೋಗಿ ಹೇಳಲಿಲ್ಲ.

“ಐದ ವರ್ಷ ಆತ್ರಿ, ಧೈರ್ಯ ಆಗಿಲ್ಲ. ನೀವು ಬರ್ತೀರೇನು? ಒಬ್ಬನ ಹೋದ್ರ ಬಾಗಲದಿಂದ ಹೊಳ್ಳಿ ಬರತೇನಿ ಅಂತ ಅಂಜಿಕಿ ಐತಿ.”

ಬದುಕಿ ಉಳಿದ ಮಗುವನ್ನು, ಮಗನನ್ನು ಕಳೆದುಕೊಂಡವರ ಕಣ್ಣೆದುರು ಒಯ್ಯಬಾರದೆಂದು ವಿದ್ಯಾಳನ್ನು ಮನೆಯಲ್ಲೇ ಬಿಟ್ಟೆ. ಭಾನುವಾರ ಹೋದೆವು. ಹುಡುಗನ ತಂದೆ ಗುರುತು ಹಿಡಿದು, ಕೂಡ್ರಿಸಿ, ನೀರು ಕೊಟ್ಟರು. ಡಾಕ್ಟರು ನೀರು ಮುಟ್ಟದೆ ಎಲ್ಲವನ್ನೂ ಹೇಳಿದರು. ಆಗ ಆ ರೋಗ ಬಹಳ ಮಂದಿಗೆ ಗೊತ್ತಿರಲಿಲ್ಲ ಎಂಬ ನಿಜವನ್ನೂ ತಮ್ಮ ರಕ್ಷಣೆಗೆ ತರಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ತಾಯಿ ಕೇಳಿದಳು.

“ಹಂಗಾರ ಅವತ್ತ ನಾ ತಲಿಮ್ಯಾಲೆ ನೀರ ಹಾಕಿದ್ದಕ್ಕ ಆಗಿದ್ದಲ್ಲೇನ್ರಿ?”

ಜ್ವರ ಬಿಟ್ಟ ಮಗನಿಗೆ ಅವಳು ತಲೆಸ್ನಾನ ಮಾಡಿಸಿದ್ದಳಂತೆ. ನೀರು ಎದೆಗೆ ಇಳಿದು ಸತ್ತ ಎಂದು ಮನೆಮಂದಿ ಅಂದಿದ್ದರು. ಆಮೇಲೆ ಹುಟ್ಟಿದ ಮಗಳಿಗೆ ಅವಳು ಒಮ್ಮೆಯೂ ತನ್ನ ಕೈಯಾರೆ ತಲೆಗೆ ಎರೆದಿರಲಿಲ್ಲ.

“ಅಲ್ಲವ್ವಾ” ಎಂದರು ಡಾಕ್ಟರು. “ನೀರಿನಿಂದ ಅಲ್ಲ, ನಿನ್ನಿಂದ ಅಲ್ಲ. ಗುರ್ತ ಹಿಡೀಬೇಕಾದಾಂವ ನಾನಿದ್ದೆ.”

ಅವಳು ಹೊಸ್ತಿಲ ಬಳಿ ಕೂತುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನಾನು ಹೋಗಿ ಬಾಜೂಕ್ಕೆ ಕೂತೆ. ನನ್ನ ಕೈ ಹಿಡಿದುಕೊಂಡವಳು ಬಿಡಲಿಲ್ಲ.

“ಇದನ್ನ ಮೊದಲ ಹೇಳಬೇಕಿತ್ರಿ ಡಾಕ್ಟರ್ರ” ಎಂದರು ತಂದೆ.

“ಹೌದ್ರಿ” ಎಂದರು ಡಾಕ್ಟರು.

ಹೊರಡುವಾಗ ತಂದೆ, ಇದು ರಕ್ತದಲ್ಲೇ ಇರುವುದಾದರೆ ಮಗಳ ಗತಿ ಏನು ಎಂದರು. ಒಡಹುಟ್ಟಿದವರಿಗೆ ಬರುವ ಸಂಭವ ಸ್ವಲ್ಪ ಹೆಚ್ಚು, ಆದರೂ ಹೆಚ್ಚಿನವರಿಗೆ ಬರುವುದೇ ಇಲ್ಲ, ಯಾಕೆಂದು ತಮಗೂ ಗೊತ್ತಿಲ್ಲ ಎಂದರು ಡಾಕ್ಟರು. ಜ್ವರ ಬಂದರೆ ಯಾರಿಗೆ ಬೇಕಾದರೂ ತೋರಿಸಿ, ಈ ಗುರುತುಗಳನ್ನು ಮಾತ್ರ ಮರೆಯಬೇಡಿ ಎಂದರು. ಕೆಲವು ತಿಂಗಳ ಮೇಲೆ ಆ ದಂಪತಿ ಮಗಳ ಕೆಮ್ಮಿಗೆಂದು ಘಟಪ್ರಭಾದ ಬೆಂಚಿನ ಮೇಲೆ ಕೂತಿದ್ದನ್ನು ಕಂಡೆ. ಹುಕ್ಕೇರಿಯಲ್ಲಿ ಡಾಕ್ಟರುಗಳಿಗೇನೂ ಬರವಿರಲಿಲ್ಲ.

ಅಲ್ಲಿಂದ ಮುಂದೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಅವರು ಅಂಗನವಾಡಿಯವರನ್ನೂ ನರ್ಸುಗಳನ್ನೂ ಕೂಡಿಸಿ ರೋಗದ ಗುರುತು ಹೇಳುತ್ತ ತಿರುಗಿದರು. ಹಂಚುವ ಹಾಳೆಯನ್ನು ದುಂಡಗೆ ಬರೆದುಕೊಟ್ಟವಳು ನಾನು. ಅವರ ಅಕ್ಷರವನ್ನು ಔಷಧದ ಅಂಗಡಿಯವನ ಹೊರತು ಯಾರೂ ಓದಲಾರರು.

ಹುಕ್ಕೇರಿಯ ತಂದೆಯ ಪ್ರಶ್ನೆ ಅವರನ್ನು ಬಿಡಲಿಲ್ಲ. ಎರಡು ಸಾವಿರದ ನಂತರ ಬೆಳಗಾವಿಯ ಪರಿಚಯದವರಿಂದ ಹೊಸ ಲೇಖನಗಳ ಪ್ರತಿ ತರಿಸಿ ಓದುತ್ತಿದ್ದರು. ತಿಳಿದಷ್ಟನ್ನು ನನಗೆ ನಮ್ಮ ಹೊಲದ ಭಾಷೆಯಲ್ಲೇ ಹೇಳುವರು. “ರಕ್ತದಾಗಿನ ಬಿಳಿ ಕಣ ನಮ್ಮನ್ನ ಕಾಯಾಕಂತನ ಅದಾವು. ಪ್ರತಿ ಕಣದಾಗೂ ಜೀನ್ ಅನ್ನೋವು ಕಾಲುವಿ ಗೇಟ್ ಇದ್ದಂಗ. ಜಡ್ಡ ಬಂದಾಗ ತಗೀಬೇಕು, ಹೋದ ಮ್ಯಾಲೆ ಮುಚ್ಚಬೇಕು. ಈ ಮಕ್ಕಳೊಳಗ ತಗದ ಗೇಟ್ ಹೊತ್ತಿಗೆ ಮುಚ್ಚೂದಿಲ್ಲ. ಕಾಯೋ ಕಣನ ನಾಳದ ಗ್ವಾಡಿ ಕೆಡಸತಾವು. ಮುಚ್ಚಾಂವ ಯಾರು, ಯಾಕ ಮರೀತಾನು, ಅದನ್ನ ಈಗ ಹುಡಕಾಕತ್ತಾರ.” ಹೇಳುವಾಗ ಅರವತ್ತು ದಾಟಿದ ಮುಖ ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಮುಖದಂತೆ ಕಾಣುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಕೈ ನಡುಗಲು ಶುರುವಾಗಿ ದವಾಖಾನೆ ಮುಚ್ಚಿದರು. ಆ ವರ್ಷದ ದೀಪಾವಳಿಗೆ, ಒಂಬತ್ತನೆಯ ತರಗತಿಯಲ್ಲಿದ್ದ ವಿದ್ಯಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಖೋಖೋದಲ್ಲಿ ಜಿಲ್ಲೆಗೆ ಆಡಿ ಬಂದಿದ್ದಳು. ಅದನ್ನು ಕೇಳಿ ಒಳಗಿನಿಂದ ಸ್ಟೆಥಾಸ್ಕೋಪ್ ತರಿಸಿದರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಅದರ ಬಿಲ್ಲೆಯನ್ನು ಅವಳ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದರ ಕೊಳವೆಗಳನ್ನು ತಮ್ಮ ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

“ಇಷ್ಟ ವರ್ಷ ನಾನೊಬ್ಬನ ಕೇಳೇನಿ. ನೀವೂ ಒಮ್ಮೆ ಕೇಳ್ರಿ, ಅಕ್ಕೋರ.”

ಅವರು ಮುಂದಿನ ಬೇಸಗೆಯಲ್ಲಿ ತೀರಿಕೊಂಡರು. ಮತ್ತೆ ಭೇಟಿಯಾಗಲಿಲ್ಲ. ಆ ದೀಪಾವಳಿಯಂದು ಕೃತಜ್ಞತೆಯ ಮಾತೊಂದನ್ನು ಆಡಬೇಕೆಂದು ಮನೆಯಿಂದ ಯೋಚಿಸಿಕೊಂಡು ಹೋಗಿದ್ದೆ, ಆಡಲಾಗಲಿಲ್ಲ. ಕಿವಿಯಲ್ಲಿ ಮಗಳ ಹೃದಯ ಬಡಿಯುತ್ತಿತ್ತು. ಕಚಗುಳಿಗೆ ಅವಳು ನಗು ತಡೆಯುತ್ತಿದ್ದಳು, ಹೃದಯ ಇನ್ನಷ್ಟು ಜೋರಾಗಿ ಓಡುತ್ತಿತ್ತು.