ಇಪ್ಪತ್ತಮೂರನೇ ಗುಂಡಿ

ಭೂಮಿಯ ಆಳ ಅಳೆಯುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಂಡಿಯಣ್ಣ ಎಂದೇ. ಹತ್ತೊಂಬತ್ತು ವರ್ಷ ತೋಡಿದ್ದೂ ಗುಂಡಿಯನ್ನೇ. ಖಂಡವೇ ಸೀಳಿಕೊಳ್ಳುತ್ತಿರುವ ಅಗಲವಾದ ಕಣಿವೆಯುದ್ದಕ್ಕೂ ಅಲ್ಲಲ್ಲಿ ಜಾಗ ಗುರುತಿಸಿ, ದಿಕ್ಸೂಚಿ ನೋಡಿ, ಸರಿಯಾಗಿ ಉತ್ತರ ದಕ್ಷಿಣಕ್ಕೆ ತಂತಿಸುರುಳಿ ಹೂಳಬೇಕು. ನೆಲದೊಳಗೆ ತಾನಾಗಿ ಹರಿಯುವ ವಿದ್ಯುತ್ತಿನ ಮಿಡಿತವನ್ನು ಅದು ಎರಡು ದಿನ ಹಿಡಿದಿಡುತ್ತದೆ. ಅರವತ್ತು ಕಿಲೋಮೀಟರ್ ಕೆಳಗೆ ಬಂಡೆ ಎಲ್ಲಿ ಕರಗಿದೆ, ಸೀಳು ಯಾವ ಕಡೆ ಸಾಗಿದೆ ಎಂದು ಅದರಿಂದ ಲೆಕ್ಕ ಹಾಕುತ್ತಾರೆ.

ಹತ್ತಿರ ಕಬ್ಬಿಣವಿದ್ದರೆ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳುತ್ತದೆ. "ಹಾರೆ ಮೂವತ್ತು ಹೆಜ್ಜೆ ಆಚೆ ಇಟ್ಟು ಬಾರೋ, ದಡ್ಡ ಶಿಖಾಮಣಿ!" ಎಂದು ಅವನು ಹೊಸಬರ ಮೇಲೆ ಹರಿಹಾಯ್ದದ್ದಕ್ಕೆ ಮಿತಿಯಿಲ್ಲ. ಬೆಲ್ಟಿನ ಬಕಲ್ ಕಿತ್ತೆಸೆದು ಪ್ಯಾಂಟಿಗೆ ದಾರ ಕಟ್ಟಿಕೊಂಡ ಭೂಪ ಅವನು.

ಎರಡು ವರ್ಷದಿಂದ ಅವನ ಬಲಮೊಣಕಾಲು ಕೈಕೊಡುತ್ತಿತ್ತು. ಕಚೇರಿಯಲ್ಲಿ ಗೊತ್ತಾದರೆ ಉಗ್ರಾಣದಲ್ಲಿ ಕೂರಿಸುತ್ತಾರೆ. ಬಯಲೆಂದರೆ ಪ್ರಾಣ ಬಿಡುವವನಿಗೆ ಅದು ಸೆರೆಮನೆಯೇ ಸರಿ.

"ಹೇಳ್ಬಿಡಿ ಅಂದ್ರೆ ಕೇಳಲ್ವಲ್ಲ ನೀವು," ಎಂದು ಹೆಂಡತಿ ಗೊಣಗುತ್ತಿದ್ದಳು.

"ನೀನು ಸುಮ್ನಿರು ತಾಯಿ, ನಿಂಗೆ ಕೈ ಮುಗೀತೀನಿ."

ಒಂದು ದಿನ ಸಂಶೋಧನೆ ಮಾಡುವ ಮೇಡಂ ಅವನನ್ನು ಕರೆದು ಗೋಡೆಯ ನಕಾಶೆ ತೋರಿಸಿದಳು. ಗುಂಡಿಗೊಂದರಂತೆ ಸೀಳಿನ ದಿಕ್ಕು ತೋರಿಸುವ ಬಾಣಗಳೆಲ್ಲ ಒಂದೇ ಕಡೆಗಿದ್ದವು, ಇಪ್ಪತ್ತಮೂರನೆಯದು ಮಾತ್ರ ಓರೆ. "ಇಲ್ಲಿ ಸೀಳು ತಿರುಗಿದೆ ಗುಂಡಿಯಣ್ಣ! ಯಾರಿಗೂ ಗೊತ್ತಿರ್ಲಿಲ್ಲ ಇದು!"

ಅವನಿಗೆ ಆ ದಿನ ನೆನಪಾಯಿತು. ಇಪ್ಪತ್ತಮೂರರಲ್ಲಿ ಕಾಲು ನಿಲ್ಲದೆ, ಹಾರೆಯನ್ನೇ ಊರುಗೋಲು ಮಾಡಿಕೊಂಡು ದಿಕ್ಸೂಚಿ ನೋಡಿದ್ದ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡ. ನಾಲ್ಕನೇ ದಿನ ಮೇಡಂ ಕೋಣೆಗೆ ಹೋದ.

"ಸೀಳು ತಿರುಗಿಲ್ಲಮ್ಮ. ತಿರುಗಿಸಿದ್ದು ನಾನು." ಕಾಲಿನ ಕಥೆ, ಹಾರೆಯ ಕಥೆ ಎಲ್ಲ ಒದರಿದ.

"ಬೇರೆ ಕಡೇನೂ ಹೀಗೇ ಮಾಡಿದ್ರಾ?"

"ಇಲ್ಲಮ್ಮ, ನನ್ನ ಮಕ್ಕಳಾಣೆ, ಅದೊಂದೇ ದಿನ."

ಅವಳು ಅವನನ್ನು ಹಿತ್ತಲ ಬಯಲಿಗೆ ಕರೆದೊಯ್ದು, ಹಾರೆ ಕೊಟ್ಟು, ಅವತ್ತಿನ ಹಾಗೆಯೇ ನಿಲ್ಲಿಸಿದಳು. ಮುಳ್ಳು ಹದಿನೆಂಟು ಡಿಗ್ರಿ ವಾಲಿತು. ಕಂಪ್ಯೂಟರಿನಲ್ಲಿ ಅಂಕಿಗಳನ್ನು ಅಷ್ಟೇ ಹಿಂದಕ್ಕೆ ತಿರುಗಿಸಿದಾಗ ಬಾಣ ತೆಪ್ಪಗೆ ಉಳಿದವುಗಳ ಸಾಲಿಗೆ ಬಂತು. ಮೇಡಂ ಅತ್ತೇ ಬಿಡುತ್ತಾಳೇನೋ ಎನ್ನಿಸಿತು ಅವನಿಗೆ.

"ಇದರ ಮೇಲೆ ಲೇಖನ ಬರೆದಿದ್ದೆಲ್ಲ ಹೋಯ್ತು," ಎಂದಳು. "ಹೋಗ್ಲಿ, ಅಚ್ಚಾದ್ಮೇಲೆ ಗೊತ್ತಾಗಿದ್ರೆ ಮಾನ ಹೋಗ್ತಿತ್ತು." ಆಮೇಲೆ ಮುಂದಿನ ತಿಂಗಳು ಬಯಲಿಗೆ ಹೋಗುವವರ ಪಟ್ಟಿ ಎಳೆದುಕೊಂಡು, ಪೆನ್ಸಿಲ್ ಕೈಗೆತ್ತಿಕೊಂಡು ಅವನ ಹೆಸರಿನ ಹತ್ತಿರ ತಡವರಿಸಿದಳು. "ಈ ಕಾಲಿಟ್ಕೊಂಡು ನಿಮ್ಮನ್ನ ಕಳ್ಸೋಕಾಗಲ್ಲ. ಬೇಜಾರು ಮಾಡ್ಕೋಬೇಡಿ."

ಗುಂಡಿಯಣ್ಣ ಮೇಜಿನ ಮೇಲಿದ್ದ ಪೆನ್ನನ್ನು ಅವಳತ್ತ ಸರಿಸಿದ.

"ಪೆನ್ನಲ್ಲೇ ಹೊಡೆದುಹಾಕ್ರಮ್ಮ. ಪೆನ್ಸಿಲ್ ಆದ್ರೆ, ಅಳಿಸಿ ಅಂತ ನಾಳೆ ನಾನೇ ಬಂದು ಗೋಗರೀತೀನಿ."